ಜೇಬಿನಲ್ಲಿ ದೇವರು, ದಾರಿಯಲ್ಲಿ ಆನೆ

ನಾನು ಅಂಗಿಯ ಎಡಜೇಬನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ಮೊನ್ನೆ ಕನಕಪುರದ ಡಾಕ್ಟರೊಬ್ಬರು, "ಎದೆನೋವಾ ರಾಯಪ್ಪನವರೇ?" ಎಂದು ಕೇಳಿದರು. ನಾನು ಹೋಗಿದ್ದು ಮಂಡಿನೋವಿಗೆ. "ಇಲ್ಲ ಸಾರ್, ಸುಮ್ನೆ ಅಭ್ಯಾಸ" ಎಂದೆ. ಅವರು ನಂಬಲಿಲ್ಲ. ಎದೆಗೆ ತಣ್ಣನೆಯ ಬಿರಡೆಗಳನ್ನು ಅಂಟಿಸಿ, ಕಾಗದದ ಮೇಲೆ ಗೆರೆ ಕುಣಿಸಿ ನೋಡಿ, ಆಮೇಲೆ ಮಂಡಿಗೆ ಮುಲಾಮು ಬರೆದುಕೊಟ್ಟರು. ಆ ಗೆರೆ ಕುಣಿಯುತ್ತಿದ್ದಷ್ಟು ಹೊತ್ತು ನನಗೆ ನಿಜಕ್ಕೂ ಎದೆನೋವು ಬಂದಿತ್ತೆಂಬುದನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಜೇಬಿನಲ್ಲಿ ನೋವೇನೂ ಇಲ್ಲ. ವಾರದಲ್ಲಿ ಆರು ದಿನ ಅಲ್ಲಿ ಕರೆಂಟು ನೋಡುವ ಟೆಸ್ಟರ್ ಇರುತ್ತದೆ. ಭಾನುವಾರ ಮಾತ್ರ ದೇವರಿರುತ್ತಾನೆ. ಕೈಗೆ ವಾರ ತಿಳಿಯುವುದಿಲ್ಲವಲ್ಲ, ಹಾಗಾಗಿ ಏಳು ದಿನವೂ ಮುಟ್ಟಿ ನೋಡುತ್ತದೆ.

ಒಗಟು ಬೇಡ, ಬಿಡಿಸಿಯೇ ಹೇಳುತ್ತೇನೆ. ನಾವು ಕಥೋಲಿಕರು. ನಮ್ಮ ಪೂಜೆಯಲ್ಲಿ ಗುರುಗಳು ಕೈಯೆತ್ತಿ ಪವಿತ್ರ ಮಾಡಿ ಕೊಡುವ ತೆಳ್ಳನೆಯ ಬಿಳಿ ಅಪ್ಪಕ್ಕೆ ಪರಮಪ್ರಸಾದ ಎನ್ನುತ್ತೇವೆ. ಅದು ನಮಗೆ ದೇವರ ಗುರುತಲ್ಲ, ದೇವರೇ. ಹಾಸಿಗೆ ಹಿಡಿದವರು ಚರ್ಚಿಗೆ ಬರಲಾರರು. ಅವರಿಗಾಗಿ ಅದನ್ನು ಒಂದು ಪುಟ್ಟ ಹಿತ್ತಾಳೆಯ ಡಬ್ಬಿಯಲ್ಲಿಟ್ಟು ಮನೆಗೆ ಕೊಂಡೊಯ್ಯಲು ಸಂಸಾರಸ್ಥರಲ್ಲೇ ಕೆಲವರನ್ನು ನೇಮಿಸುತ್ತಾರೆ. ಡಬ್ಬಿ ಎದೆಯ ಹತ್ತಿರ ಇರಬೇಕು. ದಾರಿಯಲ್ಲಿ ಹರಟೆ ಹೊಡೆಯಬಾರದು, ಟೀಗೆ ನಿಲ್ಲಬಾರದು, ನೆಟ್ಟಗೆ ಹೋಗಿ ಕೊಟ್ಟು ಬರಬೇಕು. ಇಂಥ ಕೆಲಸಕ್ಕೆ ಭಕ್ತಿಯುಳ್ಳವರು ಬೇಕು, ಎದೆಗಾರರು ಬೇಕು. ನಮ್ಮ ಧರ್ಮಕೇಂದ್ರಕ್ಕೆ, ಅಂದರೆ ಕನಕಪುರದ ಚರ್ಚಿಗೆ, ಸಿಕ್ಕಿದ್ದು ನಾನು.

ನನ್ನ ಕಸುಬು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವುದು. ಇಪ್ಪತ್ತೆಂಟು ವರ್ಷದಿಂದ ಕರೆಂಟಿನ ಜೊತೆ ಸಂಸಾರ ಮಾಡಿದ್ದರೂ ಸ್ವಿಚ್ಚು ಒತ್ತುವಾಗ ಇಂದಿಗೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ. ನಾಯಿ ಕಂಡರೆ ಹೆದರಿಕೆ, ನಾಯಿ ಸಾಕಿದವರನ್ನು ಕಂಡರೆ ಇನ್ನೂ ಹೆದರಿಕೆ. ಅಪರೂಪಕ್ಕೆ ಫೋನು ಬಂದರೆ ಯಾರಿಗೆ ಏನಾಯಿತೋ ಎಂದು ಹೆದರುತ್ತೇನೆ. ಎರಡು ದಿನ ಬಾರದಿದ್ದರೆ ಏನೋ ಆಗಿದೆ, ನನಗೆ ಹೇಳುತ್ತಿಲ್ಲ ಎಂದು ಹೆದರುತ್ತೇನೆ. ರಾಯಪ್ಪ ಎಂದರೆ ನಮ್ಮಲ್ಲಿ ಸಂತ ಪೇತ್ರನ ಹೆಸರು, ಪೇತ್ರ ಎಂದರೆ ಬಂಡೆ. ರಾಮನಗರದಲ್ಲಿರುವ ನನ್ನ ಷಡ್ಡಕ ಮನೆಗೆ ಬಂದಾಗಲೆಲ್ಲ, "ನಮ್ಮೂರ್ ಕಡೆ ಬಂಡೆ ಅಂದ್ರೆ ಬ್ಯಾರೆ ತರ ಇರ್ತವೆ ಕಣಣ್ಣ" ಎಂದು ನಗುತ್ತಾನೆ.

ಈ ಹೆದರಿಕೆ ಹುಟ್ಟಿನಿಂದ ಬಂದದ್ದೋ ಚೌರಪ್ಪ ಮೇಷ್ಟ್ರಿಂದ ಬಂದದ್ದೋ ಹೇಳಲಾರೆ. ಚೌರಪ್ಪ ಮೇಷ್ಟ್ರು ನಮ್ಮೂರಿನ ಉಪದೇಶಿ, ಅಂದರೆ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವವರು. ದಿನಾ ಸಂಜೆ ಐದಕ್ಕೆ ಗುಡಿಯ, ಅಂದರೆ ಊರ ಚರ್ಚಿನ, ಜಗಲಿಯ ಮೇಲೆ ನಮ್ಮನ್ನು ಸಾಲಾಗಿ ಕೂರಿಸುತ್ತಿದ್ದರು. ಬಿಳಿ ಪಂಚೆ, ಬಿಳಿ ಜುಬ್ಬ, ಕೈಯಲ್ಲಿ ಹುಣಸೆ ಬರಲು. ಪ್ರಶ್ನೆಗೆ ಉತ್ತರ ತಪ್ಪಿದರೆ ಬರಲು ಮಾತಾಡುತ್ತಿತ್ತು. ಆದರೆ ಬರಲು ಏನೂ ಅಲ್ಲ. ಅವರ ಹತ್ತಿರ ಒಂದು ಪಟವಿತ್ತು. ಬಟ್ಟೆಗೆ ಅಂಟಿಸಿ, ಕೋಲಿಗೆ ಸುರುಳಿ ಸುತ್ತಿದ ನರಕದ ಪಟ. ಶನಿವಾರ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ ಸರ್ರನೆ ಬಿಚ್ಚುತ್ತಿದ್ದರು. ಕೆಂಪು ಬೆಂಕಿಯೊಳಗೆ ಬಾಯಿ ತೆರೆದು ಕೂಗುವ ಜನ. ಅವರಲ್ಲಿ ಮೀಸೆಯವನೊಬ್ಬ ಥೇಟು ನಮ್ಮ ಚಿಕ್ಕಪ್ಪನ ಹಾಗಿದ್ದ. "ಸುಳ್ಳು ಹೇಳೋರ ಗತಿ ನೋಡ್ಕಳ್ರಲಾ" ಎಂದು ಮೇಷ್ಟ್ರು ಬರಲಿನ ತುದಿಯಿಂದ ಅವನನ್ನೇ ತೋರಿಸುತ್ತಿದ್ದರು. ಚಿಕ್ಕಪ್ಪ ಮನೆಗೆ ಬಂದರೆ ನಾನು ದೂರದಲ್ಲೇ ನಿಂತು ಅವರ ಅಂಗಿ ಎಲ್ಲಾದರೂ ಸುಟ್ಟಿದೆಯೇ ಎಂದು ನೋಡುತ್ತಿದ್ದೆ.

ಮೊದಲ ಪಾಪನಿವೇದನೆಯ ದಿನದ ಪಾಡು ಕೇಳಿ. ಹತ್ತು ಆಜ್ಞೆಗಳನ್ನು ಒಂದೊಂದಾಗಿ ನೆನೆದು, ಯಾವುದನ್ನು ಮೀರಿದ್ದೇವೆಂದು ಗುರುಗಳಿಗೆ ಹೇಳಬೇಕು. ನಾನು ಹಲಗೆಯ ಜಾಲರಿಗೆ ಬಾಯಿಟ್ಟು, "ಕೊಲೆ ಮಾಡಿದ್ದೀನಿ ಸ್ವಾಮಿ" ಎಂದೆ. ಆ ಕಡೆ ಕುರ್ಚಿ ಕಿರುಗುಟ್ಟಿತು. "ಯಾರನ್ನಪ್ಪಾ?" "ಹುಳಗಳನ್ನ ಸ್ವಾಮಿ." "ಎಷ್ಟು?" "ಲೆಕ್ಕ ಗೊತ್ತಿಲ್ಲ ಸ್ವಾಮಿ. ನಮ್ಮಪ್ಪ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕ್ತಾರೆ. ಅಲ್ಲಿ ಹುಳ ಒಳಗಿದ್ದಂಗೇ ಬೇಯಿಸ್ತಾರಂತೆ. ಸೊಪ್ಪು ಹಾಕಿ ಸಾಕಿದ್ದು ನಾನು." ಗುರುಗಳು ಬಹಳ ಹೊತ್ತು ಕೆಮ್ಮಿದರು. ಕೆಮ್ಮೋ ನಗುವೋ, ಈಗಲೂ ಗೊತ್ತಿಲ್ಲ. ಆಮೇಲೆ ಮೂರು ಸಲ ನಮೋ ಮರಿಯ ಜಪ ಹೇಳು ಎಂದರು. ನಾನು ಸಾಲದೇನೋ ಎಂಬ ಭಯಕ್ಕೆ ಮುನ್ನೂರು ಹೇಳಿದೆ.

ಇಂಥವನಿಗೆ ದೇವರು ಎಂಥ ಹೆಂಡತಿಯನ್ನು ಕೊಡಬಹುದು? ಲೂರ್ದಮ್ಮನನ್ನು ಕೊಟ್ಟ.

ನಾವೆಲ್ಲ ಭಾನುವಾರದ ಪ್ರಬೋಧನೆಯನ್ನು ಕೇಳುತ್ತೇವೆ. ಲೂರ್ದು ಅದನ್ನು ಸೋಮವಾರ ಮಾಡುತ್ತಾಳೆ. ವ್ಯತ್ಯಾಸ ಇಷ್ಟೇ, ಆದರೆ ಆ ವ್ಯತ್ಯಾಸದ ನಡುವೆ ಮೂವತ್ತು ವರ್ಷ ಬದುಕಿರುವ ನನಗೆ ಗೊತ್ತು. ಎರಡು ಅಂಗಿಯಿದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ ಎಂದು ಒಮ್ಮೆ ಗುರುಗಳು ಹೇಳಿದರು. ಗುರುವಾರದ ಸಂತೆಯಲ್ಲಿ ನನ್ನ ನೀಲಿ ಗೆರೆಯ ಹೊಸ ಅಂಗಿ ಯಾರದೋ ಮೈಮೇಲೆ ಮೂಲಂಗಿ ಕೊಳ್ಳುತ್ತಿತ್ತು. ಇನ್ನೊಮ್ಮೆ, ಸೋದರನ ಮೇಲೆ ಕೋಪ ಇಟ್ಟುಕೊಂಡು ಪೂಜೆಗೆ ಬರಬೇಡಿ, ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಿ ಎಂದರು. ಪಕ್ಕದ ಮನೆಯ ಶಿವಣ್ಣನಿಗೂ ನನಗೂ ಚರಂಡಿ ನೀರಿನ ವಿಷಯಕ್ಕೆ ಆರು ವರ್ಷ ಮಾತಿರಲಿಲ್ಲ. ಅವಳು ಒಂದು ತಟ್ಟೆ ಕಜ್ಜಾಯ ನನ್ನ ಕೈಗೆ ಕೊಟ್ಟು, ಬೆನ್ನಿಗೆ ಕೈಯಿಟ್ಟು ಅವರ ಬಾಗಿಲಿಗೆ ತಳ್ಳಿದಳು. "ತಪ್ಪು ನಂದೇ ಶಿವಣ್ಣಾ" ಎಂದೆ. ಆತ ಬೆಚ್ಚಿಬಿದ್ದ. "ಯಾಕಣ್ಣಾ, ಡಾಕ್ಟ್ರು ಏನಾರ ಹೇಳುದ್ರಾ?" ಎಂದು ಕೇಳಿದ. ಹೀಗಾಗಿ ಗುರುಗಳು ಪ್ರಬೋಧನೆಗೆ ಎದ್ದು ನಿಂತರೆ ಸಾಕು, ನಾನು ತೊಟ್ಟ ಅಂಗಿಯ ಗುಂಡಿಗಳನ್ನು ಬಿಗಿಯಾಗಿ ಹಾಕಿಕೊಳ್ಳುತ್ತೇನೆ. ಈ ವಾರ ಏನು ಕಾದಿದೆಯೋ!

ಒಂದು ಭಾನುವಾರ ಪೂಜೆಯ ಕೊನೆಯಲ್ಲಿ ಗುರುಗಳು ಹೇಳಿದರು: ದೊಡ್ಡಆಲಹಳ್ಳಿಯಿಂದ ಆಚೆ, ಚಿಕ್ಕದೊಡ್ಡಿಯಲ್ಲಿ, ಹಿಂದೆ ಉಪದೇಶಿಯಾಗಿದ್ದ ಚೌರಪ್ಪನವರು ಪಾರ್ಶ್ವವಾಯು ಬಡಿದು ಮಲಗಿದ್ದಾರೆ. ವಾರವಾರ ಪ್ರಸಾದ ಬೇಕೆನ್ನುತ್ತಾರೆ. ಗಾಡಿ ಇರುವವರು ಯಾರಾದರೂ ಇದ್ದೀರಾ? ನಾನು ತಲೆ ತಗ್ಗಿಸಿ ಚಪ್ಪಲಿಯ ಉಂಗುಷ್ಠ ನೋಡತೊಡಗಿದೆ. ಹೆಂಗಸರ ಕಡೆಯಿಂದ ಗಂಟಲೊಂದು ಎದ್ದಿತು.

"ನಮ್ಮ ಮನೇವ್ರ ತಾವ ಸ್ಕೂಟರ್ ಐತೆ ಫಾದರ್."

ಹೀಗೆ ನಾನು ನೇಮಕವಾದೆ. ಎರಡು ದಿನ ತರಬೇತಿಯೂ ಆಯಿತು. ಪ್ರತಿ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಡಬ್ಬಿ ಜೇಬಿಗಿಟ್ಟು, ಮೇಲೆ ಕೈಯಿಟ್ಟು ಹೊರಡುವುದು. ದೊಡ್ಡಆಲಹಳ್ಳಿ ದಾಟುವವರೆಗೆ ಡಾಂಬರು. ಅಲ್ಲಿಂದ ಮೂರು ಮೈಲಿ ಮಣ್ಣುದಾರಿ, ಒಂದು ಮಗ್ಗುಲಿಗೆ ನೀಲಗಿರಿ ತೋಪು, ಇನ್ನೊಂದು ಮಗ್ಗುಲಿಗೆ ಬಾಳೆತೋಟ, ಅದರಾಚೆ ಕಾಡು. ಚಿಕ್ಕದೊಡ್ಡಿಯಲ್ಲಿ ಮೇಷ್ಟ್ರು ತಮ್ಮ ಮಗಳು ಸೆಲಿನಾಳ ಮನೆಯಲ್ಲಿದ್ದರು. ಮೊದಲ ದಿನ ಹೋದಾಗ ನನ್ನ ಕಣ್ಣು ಮಂಚದ ಸುತ್ತ ಹುಡುಕಿದ್ದು ಹುಣಸೆ ಬರಲನ್ನು. ಎಡಗೈ, ಎಡಗಾಲು ಬಿದ್ದುಹೋಗಿದ್ದವು, ಬಾಯಿ ಒಂದಿಷ್ಟು ಸೊಟ್ಟಗಾಗಿತ್ತು. ಆದರೂ ಅವರು "ಯಾರ್ಲಾ ಅದು?" ಎಂದ ಕೂಡಲೇ ನಾನು ಕೈಕಟ್ಟಿ ನಿಂತುಬಿಟ್ಟೆ.

ಬೇಸಗೆ ಏರುತ್ತಿದ್ದಂತೆ ಕಾಡಿನೊಳಗೆ ನೀರು ಬತ್ತಿ ಆನೆಗಳು ಈಚೆ ಬರತೊಡಗಿದವು. ನಮ್ಮ ಕಡೆಯವರ ಮೊಬೈಲಿಗೆ ಈಗ ಹಬ್ಬದ ಶುಭಾಶಯಕ್ಕಿಂತ ಹೆಚ್ಚಾಗಿ ಆನೆಯ ಸುದ್ದಿಯೇ ಬರುತ್ತದೆ. ಇಂಥ ಕೆರೆಯ ಬಳಿ ಮೂರು, ಇಂಥ ತೋಟದಲ್ಲಿ ಒಂಟಿ ಸಲಗ. ನಾನು ಆ ಗುಂಪಿಗೆ ಮೊದಲು ಸೇರಿದವನು. ಶನಿವಾರ ಸಂಜೆಯಿಂದಲೇ ಫೋನನ್ನು ಉಜ್ಜಿ ಉಜ್ಜಿ ನೋಡುತ್ತಿದ್ದೆ. ಲೂರ್ದು, "ಜಪಸರ ಅಷ್ಟು ಉಜ್ಜಿದ್ರೆ ಇಷ್ಟೊತ್ಗೆ ಸಂತ ಆಗೋಗ್ತಿದ್ರಿ" ಎನ್ನುತ್ತಿದ್ದಳು.

ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ, ಮೂರನೆಯ ಭಾನುವಾರ. ಫೋನಿನಲ್ಲಿ ಸುದ್ದಿ ಇರಲಿಲ್ಲ. ಮಣ್ಣುದಾರಿಗೆ ಇಳಿದು ಅರ್ಧ ಹೋಗಿದ್ದೇನೆ, ಬಾಳೆತೋಟದ ಮಾದಯ್ಯ ಎರಡೂ ಕೈ ಅಗಲಿಸಿಕೊಂಡು ರಸ್ತೆಗೆ ಅಡ್ಡ ನಿಂತ. ಮಾದಯ್ಯ ಹಣೆತುಂಬ ವಿಭೂತಿಯ, ಯಾವಾಗಲೂ ನಗುವ ಮನುಷ್ಯ. ಆವತ್ತು ನಗು ಇರಲಿಲ್ಲ.

"ಗಾಡಿ ಆಫ್ ಮಾಡಿ ಸಾಮಿ. ಮುಂದ್ಕೆ ಅವ್ರವ್ರೆ."

ಅವನು ಆನೆಯನ್ನು ಅದು ಇದು ಎನ್ನುವವನಲ್ಲ. ನಾನು ಗಾಡಿ ನಿಲ್ಲಿಸಿದೆ. ಒಂದು ಫರ್ಲಾಂಗು ಮುಂದೆ, ತಿರುವಿನಲ್ಲಿ, ಮೂರು ಆನೆ. ಎರಡು ತೋಟದೊಳಗಿದ್ದವು. ದೊಡ್ಡ ಕೊಂಬಿನದು ನಡುರಸ್ತೆಯಲ್ಲಿ ನಿಂತು ಕೆಂಪು ಮಣ್ಣನ್ನು ಸೊಂಡಿಲಿನಿಂದ ಎತ್ತೆತ್ತಿ ಬೆನ್ನಿಗೆ ಹಾಕಿಕೊಳ್ಳುತ್ತಿತ್ತು. ಬಾಳೆ ದಿಂಡು ಸೀಳುವ ಸದ್ದು ಒದ್ದೆ ಬಟ್ಟೆ ಹರಿದಂತೆ ಕೇಳುತ್ತಿತ್ತು.

"ಒಸಿ ತಡ್ಕಳಿ ಸಾಮಿ," ಮಾದಯ್ಯ ಪಿಸುಗುಟ್ಟಿದ. "ಅರ್ಧ ಗಂಟೆ. ಬಿಸ್ಲೇರುದ್ರೆ ಕೆರೆ ಕಡೀಕೆ ಹೊಂಟೋಯ್ತರೆ. ಆಮ್ಯಾಕೆ ನಾನೇ ದಾಟಿಸ್ತೀನಿ."

ಅರ್ಧ ಗಂಟೆ. ಬರೀ ಅರ್ಧ ಗಂಟೆ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ. ಸಲಗ ಕಿವಿ ಬಿಚ್ಚಿ ಈ ಕಡೆ ತಲೆ ತಿರುಗಿಸಿದ್ದೇ ತಡ, ನನ್ನ ಕೈಗಳು ಸ್ಕೂಟರನ್ನು ಹಿಂದಕ್ಕೆ ತಿರುಗಿಸಿದ್ದವು. ದೊಡ್ಡಆಲಹಳ್ಳಿಗೆ ಬಂದಾಗ ಒಂದು ಚಪ್ಪಲಿ ಕಾಲಲ್ಲಿರಲಿಲ್ಲ. ಜೇಬು ಮುಟ್ಟಿ ನೋಡಿದೆ. ಡಬ್ಬಿ ಇತ್ತು. ಆಗ ಇನ್ನೊಂದು ಹೆದರಿಕೆ ಹತ್ತಿಕೊಂಡಿತು. ಲೋಕವನ್ನೆಲ್ಲ ಕಾಯುವವನನ್ನು ಎದೆಗೆ ಒತ್ತಿಕೊಂಡು ಓಡಿಬಂದವನು ನಾನು. ಇದನ್ನು ಯಾರಿಗೆ ಹೇಳುವುದು?

ಪ್ರಸಾದ ಉಳಿದರೆ ಚರ್ಚಿಗೆ ಹಿಂದಿರುಗಿಸಬೇಕು, ಅದು ನಿಯಮ. ಕನಕಪುರಕ್ಕೆ ಬಂದು ನೋಡಿದರೆ ಚರ್ಚಿನ ಬಾಗಿಲಿಗೆ ಬೀಗ. ಗುರುಗಳು ಬೆಂಗಳೂರಿಗೆ ಸಭೆಗೆ ಹೋಗಿದ್ದರು. ನಿಜ ಹೇಳಬೇಕೆಂದರೆ ಬೀಗ ನೋಡಿ ನನಗೆ ಸಮಾಧಾನವೇ ಆಯಿತು. ಮನೆಗೆ ಬಂದೆ.

"ಕೊಟ್ಬಂದ್ರಾ?" ಲೂರ್ದು ಒಳಗಿನಿಂದಲೇ ಕೇಳಿದಳು.

"ಹೂಂ."

"ಮೇಷ್ಟ್ರು ಹೆಂಗವ್ರೆ?"

"ಚೆನ್ನಾಗವ್ರೆ. ನಿನ್ನ ಕೇಳುದ್ರು."

ನೋಡಿ, ಒಂದು ಸುಳ್ಳಿಗೆ ಒಂಟಿಯಾಗಿರಲು ಆಗುವುದಿಲ್ಲ. ಎರಡನೆಯದನ್ನು ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟೆ. ಎಡಗೈಯನ್ನು ಜೇಬಿನ ಮೇಲಿಟ್ಟುಕೊಂಡೇ ಊಟ ಮುಗಿಸಿದೆ. ಡಬ್ಬಿಯನ್ನು ದೇವರ ಪೀಠದ ಮೇಲಿಟ್ಟರೆ ಅವಳ ಕಣ್ಣಿಗೆ ಬೀಳುತ್ತದೆ. ಬೀರುವಿನೊಳಗೆ ಇಡಲು ಕೈ ಬಾರದು, ದೇವರನ್ನು ಸೀರೆಗಳ ಸಂದಿಯಲ್ಲಿ ಬಚ್ಚಿಡುವುದೇ! ಕೊನೆಗೆ ಅಂಗಿ ಬಿಚ್ಚದೆಯೇ ಅಂಗಾತ ಮಲಗಿದೆ, ಎಡಜೇಬಿನ ಮೇಲೆ ಎರಡೂ ಕೈ. ಮಾರ್ಚ್ ತಿಂಗಳ ಮಧ್ಯಾಹ್ನ, ಮೇಲೆ ಶೀಟಿನ ಮನೆ.

"ಅಂಗಿ ಬಿಚ್ಚಿ ಮಲಿಕ್ಕಳ್ರಿ, ಬೆವರು ಸುರಿತೈತೆ."

"ಚಳಿ" ಎಂದೆ. ಮೂರನೆಯ ಸುಳ್ಳು. ಮೂರು ಎಂದೊಡನೆ ನನ್ನ ಹೆಸರಿನ ಸಂತ ನೆನಪಾದ. ತನ್ನ ಗುರುವನ್ನು ಹಿಡಿದೊಯ್ದ ರಾತ್ರಿ, ಆತ ಯಾರೋ ನನಗೆ ಗೊತ್ತಿಲ್ಲವೆಂದು ಅವನೂ ಮೂರು ಸಲ ಹೇಳಿದವನೇ. ಆಗ ಕೋಳಿಯಾದರೂ ಕೂಗಿತ್ತು. ನಮ್ಮ ಮನೆಯಲ್ಲಿ ಫೋನು ಕೂಗಿತು.

ಮೂರೂವರೆ ಇರಬೇಕು. ಎತ್ತಿಕೊಂಡಿದ್ದು ಲೂರ್ದು. ಆ ಕಡೆ ಸೆಲಿನಾ ಅಳುತ್ತಿದ್ದುದು ನನಗೇ ಕೇಳುತ್ತಿತ್ತು. "ಅಣ್ಣ ಯಾಕಕ್ಕಾ ಬರ್ನಿಲ್ಲ? ಅಪ್ಪ ಬೆಳಗ್ಗಿಂದ ಒಂದ್ ತುತ್ತು ತಿಂದಿಲ್ಲ. ಸಕ್ಕರೆ ಕಾಯ್ಲೆ ಮಾತ್ರೆ ಮಾತ್ರ ನುಂಗುಸ್ದೆ, ಆಮ್ಯಾಕೆ ಏನು ಕೊಡಕೋದ್ರೂ ಬಾಯಿ ಬಿಗಿ ಹಿಡ್ಕತಾರೆ. ಪ್ರಸಾದ ತಗಂಡೇ ಉಣ್ಣದು ಅಂತಾರೆ. ಈಗ ಮೈಯೆಲ್ಲ ತಣ್ಣಗಾಗಿ ನಡುಕ್ತಾ ಅವ್ರೆ ಅಕ್ಕಾ…"

ಲೂರ್ದು ನನ್ನ ಕಡೆ ನೋಡಿದಳು. ಅಂಗಿಯನ್ನು ನೋಡಿದಳು. ಜೇಬಿನ ಮೇಲಿದ್ದ ಎರಡು ಕೈಗಳನ್ನು ನೋಡಿದಳು. ಫೋನಿಗೆ, "ಊಟ ಇಲ್ದೆ ಮೈಲಿ ಸಕ್ಕರೆ ಇಳ್ದೋಗೈತೆ. ನಾಲಿಗೆ ಮ್ಯಾಲೆ ಸಕ್ಕರೆ ಸವರು, ಬೈದ್ರೂ ಬುಡಬ್ಯಾಡ. ಬತ್ತಾ ಇದೀವಿ" ಎಂದು ಇಟ್ಟಳು.

ಬೈಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಸದ್ದಿಲ್ಲ. ತೆರೆದು ನೋಡಿದರೆ ಅವಳು ನನ್ನ ಮಂಚದ ಪಕ್ಕ, ಆ ಜೇಬಿನ ಮುಂದೆ, ಮೊಣಕಾಲೂರಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದಳು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎದ್ದು ಸೆರಗು ಸಿಕ್ಕಿಸಿ, ಒಂದೇ ಮಾತು ಕೇಳಿದಳು.

"ಆನೆಯಾ?"

"ಮೂರು."

"ಏಳಿ. ನಾನೂ ಬತ್ತೀನಿ."

ಮಣ್ಣುದಾರಿಗೆ ಬರುವಷ್ಟರಲ್ಲಿ ಬಿಸಿಲು ವಾಲಿತ್ತು. ಮಾದಯ್ಯ ಪಟಾಕಿ ಸರ ಹಿಡಿದು ತನ್ನ ತೋಟದ ಬೇಲಿಯ ಬಳಿ ನಿಂತಿದ್ದ. "ಕೆರೆಗೋಗಿದ್ರು, ಈಗ ತಿರ್ಗಾ ಬಂದವ್ರೆ ತಾಯಿ. ಗಾಡಿ ಸದ್ದು ಆದ್ರೆ ರೇಗ್ತಾರೆ. ಇಲ್ಲೇ ಬುಟ್ಟು ನಡೀರಿ. ನಾನು ಮುಂದಿರ್ತೀನಿ. ಓಡಂಗಿಲ್ಲ, ಕೂಗಂಗಿಲ್ಲ."

ಮಾದಯ್ಯ, ಅವನ ಹಿಂದೆ ನಾನು, ನನ್ನ ಹಿಂದೆ ಲೂರ್ದು. ಆ ತಿರುವು ದಾಟಲು ಒಂದು ಫರ್ಲಾಂಗು ದಾರಿ. ತೋಟದೊಳಗೆ ಎಲೆಗಳು ಅಲ್ಲಾಡುತ್ತಿದ್ದವು. ಹೊಟ್ಟೆಯೊಳಗಿನಿಂದ ಬರುವ ಗುಡುಗುಡು ಸದ್ದೊಂದು ಕೇಳುತ್ತಿತ್ತು, ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ. ನನ್ನ ಅಂಗಿಯನ್ನು ಹಿಂದಿನಿಂದ ಅವಳು ಹಿಡಿದುಕೊಂಡಿದ್ದಳು. ಹತ್ತು ಹೆಜ್ಜೆ ಹೋದ ಮೇಲೆ ನನಗೆ ತಿಳಿಯಿತು, ಅಂಗಿ ನಡುಗುತ್ತಿದೆ, ಆದರೆ ಆ ನಡುಕ ನನ್ನದಲ್ಲ. ತಿರುಗಿ ನೋಡಿದೆ. ಅವಳ ತುಟಿ ಸುಣ್ಣದಂತೆ ಬೆಳ್ಳಗಾಗಿತ್ತು.

"ಲೂರ್ದು, ನಿಂಗೂ ಹೆದ್ರಿಕೆನಾ?"

"ಬಾಯ್ಮುಚ್ಕಂಡು ನಡೀರಿ," ಎಂದಳು ಹಲ್ಲು ಕಚ್ಚಿ. "ಕಾಲೇ ಇಲ್ದಂಗಾಗೈತೆ."

ಮೂವತ್ತು ವರ್ಷ ಒಂದೇ ಸೂರಿನಡಿ ಬದುಕಿ, ಈ ಹೆಂಗಸಿಗೆ ಹೆದರಿಕೆಯೇ ಇಲ್ಲವೆಂದು ನಂಬಿದ್ದೆ. ಹೆದರಿಕೆಯೆಲ್ಲ ನನ್ನ ಪಾಲಿಗೆ, ನಂಬಿಕೆಯೆಲ್ಲ ಅವಳ ಪಾಲಿಗೆ ಬಂದಿದೆಯೆಂದುಕೊಂಡಿದ್ದೆ. (ಆಮೇಲೆ ಒಂದು ದಿನ ಕೇಳಿದಾಗ ಹೇಳಿದಳು: ಶಿವಣ್ಣನ ಮನೆಯ ಬಾಗಿಲಿಗೆ ನನ್ನನ್ನು ತಳ್ಳಿದ ದಿನವೂ ಅವಳ ಕೈ ಹೀಗೇ ನಡುಗುತ್ತಿತ್ತಂತೆ. "ತಟ್ಟೆ ನಾನು ಹಿಡ್ಕಂಡಿದ್ರೆ ಕಜ್ಜಾಯ ಎಲ್ಲ ಚೆಲ್ಲೋಗೋದು, ಅದ್ಕೇ ನಿಮ್ಮ ಕೈಗೆ ಕೊಟ್ಟೆ" ಎಂದಳು.)

ಆಗಲೇ ಸಲಗ ಹೊರಬಂತು. ಬೇಲಿಯನ್ನು ಜೇಡರ ಬಲೆಯಂತೆ ಎಳೆದುಕೊಂಡು, ನಮ್ಮಿಂದ ಹತ್ತು ಮಾರು ದೂರದಲ್ಲಿ ದಾರಿಗೆ ಕಾಲಿಟ್ಟಿತು. ಮಾದಯ್ಯ ಪಟಾಕಿಯನ್ನು ಮರೆತು ಕೈಮುಗಿದು ನಿಂತ. "ಹೋಗಪ್ಪಾ ನನ್ನಪ್ಪಾ, ಹೋಗು. ಮಕ್ಕಳು ದಾಟ್ಕತಾವೆ." ಆನೆ ನಮ್ಮನ್ನು ನೋಡಿತು. ಅದರ ಕಣ್ಣು ಚಿಕ್ಕದು, ಒದ್ದೆ.

ಆ ಹೊತ್ತಿನಲ್ಲಿ ನಾನು ಪ್ರಾರ್ಥನೆ ಮಾಡಿದೆನೆಂದು ಬರೆದರೆ ಚೆನ್ನಾಗಿರುತ್ತದೆ. ಮಾಡಲಿಲ್ಲ. ಬಾಯಿಪಾಠವಾಗಿದ್ದ ಜಪಗಳೆಲ್ಲ ಮರೆತುಹೋಗಿದ್ದವು. ಜೇಬನ್ನು ಮುಟ್ಟಿಕೊಂಡು, ಒಳಗಿದ್ದವನಿಗೆ ಕೇಳುವಷ್ಟೇ ಮೆಲ್ಲಗೆ, "ನಿಂಗೂ ಹೆದ್ರಿಕೆ ಆಯ್ತಾ ಐತಾ?" ಎಂದು ಕೇಳಿದೆ. ಅಷ್ಟೇ ನನ್ನ ಬಾಯಿಗೆ ಬಂದದ್ದು. ಶಿಲುಬೆಗೇರುವ ಹಿಂದಿನ ರಾತ್ರಿ ಅವನೂ ಒಂದು ತೋಟದಲ್ಲಿ ಕುಳಿತು ಬೆವರಿದ್ದನಂತೆ, ಜೊತೆಗಿರಿ ಎಂದು ಗೆಳೆಯರನ್ನು ಬೇಡಿದ್ದನಂತೆ. ಗೆಳೆಯರು ಆಗಲೂ ಎದ್ದು ಓಡಿದ್ದರು.

ಎಷ್ಟು ಹೊತ್ತು ನಿಂತೆವೋ ತಿಳಿಯದು. ಸಲಗ ಒಂದು ಸೊಂಡಿಲು ಮಣ್ಣು ತೂರಿ, ದಾರಿ ದಾಟಿ ನೀಲಗಿರಿ ತೋಪಿನೊಳಗೆ ಇಳಿದುಹೋಯಿತು. ಅದರ ಹಿಂದೆ ಉಳಿದೆರಡೂ. ಲೂರ್ದು ನನ್ನ ಅಂಗಿ ಬಿಟ್ಟು, ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ ಎರಡು ಸಲ ವಾಂತಿ ಮಾಡಿದಳು. ಬಾಯೊರೆಸಿಕೊಂಡು, "ನಡೀರಿ, ಮೇಷ್ಟ್ರು ಕಾಯ್ತಾವ್ರೆ" ಎಂದಳು.

ಮೇಷ್ಟ್ರು ಗೋಡೆಗೆ ಒರಗಿ ಕುಳಿತಿದ್ದರು. ಬೆವರಿಗೆ ಜುಬ್ಬ ಅಂಟಿಕೊಂಡಿತ್ತು. ಕಣ್ಣು ಎಲ್ಲೋ ನೆಟ್ಟಿತ್ತು. ಡಬ್ಬಿ ತೆರೆದೆ. ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟೆ, ಸೆಲಿನಾ ಚಮಚದಲ್ಲಿ ನೀರು ಕೊಟ್ಟಳು. ನುಂಗಿದರು. ಆಮೇಲೆ ಲೂರ್ದು ಬೆಲ್ಲದ ನೀರನ್ನೂ, ಅದರ ಹಿಂದೆ ರಾಗಿ ಗಂಜಿಯನ್ನೂ ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಗಂಟೆಗೆ ಮುಖಕ್ಕೆ ಕಳೆ ಬಂತು. ಆ ಅರ್ಧ ಗಂಟೆ ನಾನು ಬಾಗಿಲ ಬಳಿ ನಿಂತಿದ್ದೆ. ಬೆಳಿಗ್ಗೆ ನಿಲ್ಲದ ಅರ್ಧ ಗಂಟೆ ಎಷ್ಟು ಉದ್ದವಿರುತ್ತದೆಂದು ಆಗ ತಿಳಿಯಿತು.

ಹತ್ತಿರ ಹೋಗಿ ಕೈಕಟ್ಟಿ ನಿಂತು ಹೇಳಿದೆ. "ಬೆಳಿಗ್ಗೆ ಬಂದಿದ್ದೆ ಮೇಷ್ಟ್ರೇ. ಆನೆ ನೋಡಿ ಓಡೋದೆ. ಮನೇಲಿ ಕೊಟ್ಬಂದೆ ಅಂತ ಸುಳ್ಳೇಳ್ದೆ."

ಮೇಷ್ಟ್ರು ಬಲಗೈಯಿಂದ ಬಾಯೊರೆಸಿಕೊಂಡರು. "ಓಡಿದ್ದು ಸರಿ. ಆನೆ ಮುಂದೆ ಯಾರಾರಾ ನಿಂತ್ಕತಾರಾ? ಸುಳ್ಳ್ಯಾಕ್ಲಾ ಹೇಳ್ದೆ?"

"ಹೆದ್ರಿಕೆಗೆ."

ನಾನು ಅಂಗೈ ಚಾಚುವುದೊಂದು ಬಾಕಿ. ಆದರೆ ಅವರ ಸೊಟ್ಟ ಬಾಯಿ ಅದುರತೊಡಗಿತು. "ಲೇ ರಾಯಪ್ಪ, ನಾನು ಉಪಾಸ ಯಾಕ್ ಕುಂತಿದ್ದೆ ಅನ್ಕಂಡಿದ್ದೀಯ? ಭಕ್ತಿಗಾ? ಅಲ್ಲ ಕಣ್ಲಾ. ಒಂದ್ ತುತ್ತು ತಿಂದು, ಪ್ರಸಾದ ತಗಳ್ದೆ ಪ್ರಾಣ ಹೊಂಟೋದ್ರೆ ಆ ಪಟದೊಳಕ್ಕೆ ಹೊಯ್ತೀನಿ ಅಂತ. ನಿಮ್ಗೆಲ್ಲ ತೋರಿಸ್ತಿದ್ನಲ್ಲ, ಅದೇ ಪಟ. ನಲವತ್ತು ವರ್ಷ ತೋರಿಸ್ದೆ. ಈಗ ಕಣ್ಮುಚ್ಚುದ್ರೆ ಅದೇ ಬತ್ತೈತೆ. ಬೆಂಕಿ ಒಳ್ಗೆ ಈಗ ನಾನೇ ಕುಂತಿವ್ನಿ ಕಣ್ಲಾ."

ಮುದುಕರು ಅಳತೊಡಗಿದರು. ನನ್ನ ಬಾಲ್ಯದ ಅತಿ ದೊಡ್ಡ ಭಯ ನನ್ನ ಮುಂದೆಯೇ ಭಯದಿಂದ ಅಳುತ್ತಿತ್ತು. ಸೆಲಿನಾ ಮುಖ ತಿರುಗಿಸಿಕೊಂಡಳು. ಗಂಜಿಯ ಲೋಟ ಹಿಡಿದು ನೆಲದ ಮೇಲೆ ಕುಳಿತಿದ್ದ ಲೂರ್ದು ತಲೆಯೆತ್ತಿದಳು. ಅವಳು ಕೇಳಿದ್ದು ಪ್ರಬೋಧನೆಯ ಮಾತಾಗಿರಲಿಲ್ಲ. ಸಂತೆಯಲ್ಲಿ ಸೊಪ್ಪಿನ ಕಟ್ಟನ್ನು ಎತ್ತಿ ನೋಡಿ ಕೇಳುವವಳಂತೆ ಕೇಳಿದಳು.

"ಅಲ್ಲ ಮೇಷ್ಟ್ರೇ, ಇಂಥ ಬಿಸಿಲಲ್ಲಿ, ಆನೆ ಸಂದೀಲಿ, ಇಂಥ ಹೇಡಿ ಮನ್ಸನ ಜೇಬಲ್ಲಿ ಕುಂತ್ಕಂಡು ನಿಮ್ಮನ್ನ ಹುಡುಕ್ಕಂಡು ಬಂದೋನು, ನಿಮ್ಮನ್ನ ಬೆಂಕಿಗಾಕಕ್ಕೆ ಬತ್ತಾನಾ?"

ಮೇಷ್ಟ್ರು ಅವಳನ್ನೇ ನೋಡಿದರು. ಅಳು ನಿಂತಿರಲಿಲ್ಲ, ಆದರೆ ಅದರ ನಡುವೆ ಎಲ್ಲೋ ಒಂದು ನಗು ಕೆಮ್ಮಿನಂತೆ ಹೊರಬಂತು. "ನಿನ್ನ ನಾನು ಉಪದೇಶಕ್ಕೆ ಕೂರಿಸ್ಕಂಡಿದ್ನೇನಮ್ಮಾ?" "ಇಲ್ಲ ಮೇಷ್ಟ್ರೇ." "ಅದ್ಕೇ ಮತ್ತೆ" ಎಂದರು.

ಮಂಗಳವಾರ ಗುರುಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಡಬ್ಬಿ ಕಸಿದುಕೊಳ್ಳುತ್ತಾರೆಂದು ಒಳಗೊಳಗೇ ಆಸೆಯಿತ್ತು. ಅವರು, "ನಿನಗೆ ಪ್ರಾಯಶ್ಚಿತ್ತ ಏನೂ ಬೇಡ, ಮುಂದಿನ ಭಾನುವಾರ ಹೋಗು" ಎಂದರು. ಅದಕ್ಕಿಂತ ಮುನ್ನೂರು ನಮೋ ಮರಿಯ ಸುಲಭವಿತ್ತು.

ಹೋದೆ. ಆನೆ ಇದ್ದ ದಿನ ಮಾದಯ್ಯನ ಬೇಲಿಯ ಬಳಿ ಕಾದೆ, ಇಲ್ಲದ ದಿನ ಇದೆಯೆಂದೇ ಹೆದರುತ್ತಾ ಹೋದೆ. ಹೆದರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ನಂಬಿಕೆ ಗಟ್ಟಿಯಾದರೆ ಭಯ ಹೋಗುತ್ತದೆನ್ನುತ್ತಾರೆ. ಹೋದವರಿಗೆ ಹೋಗಿರಬಹುದು. ನನ್ನದು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತು ಪ್ರತಿ ವಾರ ಜೊತೆಗೇ ಬರುತ್ತಿತ್ತು. ಮೇಷ್ಟ್ರಿಗೆ ಪ್ರಸಾದ ಕೊಟ್ಟ ಮೇಲೆ ಅವರ ಪಕ್ಕ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಆ ವಾರ ಯಾವುದಕ್ಕೆ ಹೆದರಿದೆವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಈ ವಿಷಯದಲ್ಲಿ ನಾನು ಅವರಿಗಿಂತ ಮುಂದಿದ್ದೆ. ಅವರು ಉಪವಾಸ ಬಿಟ್ಟರು. ಬೆಳಿಗ್ಗೆ ಮುದ್ದೆ ಉಂಡು, ಬಾಯಿ ತೊಳೆದುಕೊಂಡು, ನನ್ನ ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರು.

ಈಸ್ಟರ್, ನಮ್ಮ ಪಾಸ್ಕ ಹಬ್ಬ, ಕಳೆದ ಎರಡನೆಯ ವಾರ, ಬುಧವಾರ ಬೆಳಿಗ್ಗೆ, ಸೆಲಿನಾ ಫೋನು ಮಾಡಿದಳು. ಅಂಗಡಿಯಲ್ಲಿ ಬಿಚ್ಚಿ ಹರಡಿದ್ದ ಮೋಟಾರನ್ನು ಹಾಗೇ ಬಿಟ್ಟು ಹೊರಟೆ. ಗುರುಗಳು ಮುಂಚೆಯೇ ಬಂದು ಕೊನೆಗಾಲದ ಪವಿತ್ರ ತೈಲ ಹಚ್ಚಿ ಹೋಗಿದ್ದರು. ಹತ್ತು ಗಂಟೆಯ ಬಿಸಿಲು ಬಾಗಿಲಿನಿಂದ ಮಂಚದ ಕಾಲಿನವರೆಗೆ ಬಂದಿತ್ತು. ನಾನು ಮೇಷ್ಟ್ರ ನಡುಗುತ್ತಿದ್ದ ಬಲಗೈ ಹಿಡಿದು ಕುಳಿತೆ. ಅವರು ಕಣ್ಣು ತೆರೆಯದೆಯೇ ಕೇಳಿದರು.

"ಯಾಕ್ಲಾ ನಡುಗ್ತೀಯ?"

"ಹೆದ್ರಿಕೆ ಮೇಷ್ಟ್ರೇ."

"ಯಾರ್ಗೆ? ನಂಗಾ, ನಿಂಗಾ?"

"ಇಬ್ಬರ್ಗೂ."

ಅವರು ಉಸಿರು ಕೂಡಿಸಿಕೊಂಡರು. "ನಡುಗ್ಲಿ ಬುಡು. ಕೈ ಬುಡಬ್ಯಾಡ."

ಬಿಡಲಿಲ್ಲ. ಬಿಸಿಲು ಮಂಚ ಏರಿ, ಹೊದಿಕೆಯ ಮೇಲೆ ಹರಿದು, ನಮ್ಮಿಬ್ಬರ ಕೈಗಳ ಹತ್ತಿರ ಬರುವ ಹೊತ್ತಿಗೆ ಅವರ ಉಸಿರು ನಿಂತಿತು, ಕೈಯ ನಡುಕವೂ ನಿಂತಿತು. ನನ್ನದು ನಿಲ್ಲಲಿಲ್ಲ. ಕೊನೆಗೆ ಸೆಲಿನಾ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.